ಬಟವಾಡೆ ಮಾಡುವ ಕೈ

ಮೈಸೂರಿನ ಗಾಂಧಿ ವೃತ್ತದಲ್ಲೋ ಜಿಲ್ಲಾಧಿಕಾರಿ ಕಚೇರಿಯ ಮುಂದೋ ಧರಣಿ ಎಂದರೆ ಈಗ ಒಂದು ಶಾಮಿಯಾನ, ಬಾಡಿಗೆ ಕುರ್ಚಿ, ಬೆನ್ನಿಗೊಂದು ಫ್ಲೆಕ್ಸು, ಹನ್ನೊಂದು ಗಂಟೆಗೆ ಟೀ ಕ್ಯಾನು. ಸಂಜೆಗೆ ಮನವಿಪತ್ರ ಕೊಟ್ಟು ಫೋಟೊ ತೆಗೆಸಿಕೊಂಡು ಎಲ್ಲರೂ ಮನೆಗೆ. 1758ರಲ್ಲಿ ಶ್ರೀರಂಗಪಟ್ಟಣದ ಕೋಟೆಯೊಳಗೆ ಮೈಸೂರು ಸೇನೆಯವರು ಸರ್ವಾಧಿಕಾರಿ ನಂಜರಾಜಯ್ಯನ ಮನೆ ಬಾಗಿಲಲ್ಲಿ ಕೂತರಲ್ಲ, ಆ ಧರಣಿಯ ಜಾತಿಯೇ ಬೇರೆ. ಕೂತವನೂ ಉಣ್ಣುವಂತಿಲ್ಲ, ಒಳಗಿರುವ ಬಾಕಿದಾರನೂ ಉಣ್ಣುವಂತಿಲ್ಲ. ಬಾಗಿಲು ದಾಟಿ ದಿನಸಿ ಹೋಗಲು ಬಿಡರು. ಯಾರ ಹೊಟ್ಟೆ ಮೊದಲು ಸೋಲುತ್ತದೋ ಅವರು ಸೋತ ಹಾಗೆ. ಸಿಪಾಯಿಗಳ ದೂರು ಒಂದೇ: ತಿಂಗಳುಗಟ್ಟಲೆ ಸಂಬಳ ಬಂದಿಲ್ಲ.

ಆ ಬಾಗಿಲಿಗೆ ದಿಂಡಿಗಲ್ಲಿನಿಂದ ಫೌಜುದಾರ ಹೈದರಾಲಿ ಬಂದ. ಜೊತೆಗೆ ಅವನ ಲೆಕ್ಕದ ಮನುಷ್ಯ ಖಂಡೇರಾವ್. ಇಬ್ಬರೂ ಕೂತು ಸೇನೆಯ ಲೆಕ್ಕ ಬಿಚ್ಚಿಸಿದರು. ಸುಳ್ಳು ಬಾಬ್ತುಗಳನ್ನು ಹೊಡೆದುಹಾಕಿ, ನಿಜವಾದ ಬಾಕಿಯನ್ನು ತೀರಿಸಿ ಧರಣಿ ಎಬ್ಬಿಸಿದರು. ಧರಣಿಗೆ ಮುಂದಾಳಾಗಿದ್ದವರನ್ನು ಆಮೇಲೆ ಹಿಡಿಸಿ ಅವರ ಆಸ್ತಿ ಕಿತ್ತುಕೊಂಡದ್ದು ಬೇರೆ ಮಾತು. ಉಳಿದ ಸಿಪಾಯಿಗಳಿಗೆ ಒಂದು ಸಂಗತಿ ಮನದಟ್ಟಾಗಿತ್ತು. ಸಿಂಹಾಸನದ ಮೇಲೆ ಕೂತವರು ಸಂಬಳ ಕೊಡಲಿಲ್ಲ, ಸರ್ವಾಧಿಕಾರಿ ಕೊಡಲಿಲ್ಲ. ಕೊಟ್ಟವನು ಈ ಓದುಬರಹ ಬಾರದ ಫೌಜುದಾರ. ಮೈಸೂರಿನ ಚರಿತ್ರೆಯಲ್ಲಿ ಹೈದರನ ಏಳಿಗೆಯನ್ನು ಯುದ್ಧಗಳ ಪಟ್ಟಿಯಾಗಿ ಓದಿಸುತ್ತಾರೆ. ನನಗೆ ಅದು ಬಟವಾಡೆಯ ಕಥೆಯಾಗಿಯೇ ಕಾಣುತ್ತದೆ.

ಇಂಥದೇ ಬಟವಾಡೆಯ ಕಥೆ ದೂರದ ಇನ್ನೊಂದು ಅರಮನೆಯಲ್ಲೂ ಇದೆ. ಇಂಗ್ಲಿಷ್ ಪತ್ರಿಕೆಗಳವರು ಒಳಸುಳಿಯ ರಾಜಕಾರಣಕ್ಕೆಲ್ಲ ‘ಬೈಜಾಂಟೈನ್’ ಎಂಬ ವಿಶೇಷಣ ಅಂಟಿಸುತ್ತಾರೆ. ಇಂದಿನ ಇಸ್ತಾಂಬುಲ್, ಅಂದಿನ ಕಾನ್‌ಸ್ಟಾಂಟಿನೋಪಲ್‌ನಲ್ಲಿ 1453ರವರೆಗೆ ಆಳಿದ ಪೂರ್ವ ರೋಮನ್ ಚಕ್ರವರ್ತಿಗಳ ಅರಮನೆ, ಬೈಜಾಂಟಿಯಂ, ಆ ವಿಶೇಷಣದ ಮೂಲ. ವಿಷ, ಕಣ್ಣು ಕೀಳುವುದು, ಮೂಗು ಕೊಯ್ಯುವುದು, ಮಠಕ್ಕೆ ಅಟ್ಟುವುದು, ಎಲ್ಲವೂ ಅಲ್ಲಿತ್ತು. ಆದರೆ ಆ ಅರಮನೆಯನ್ನು ಅರ್ಥ ಮಾಡಿಕೊಳ್ಳಲು ನನಗೆ ಹಿಡಿಸಿದ ಚಿತ್ರದಲ್ಲಿ ರಕ್ತವೇ ಇಲ್ಲ. ಕ್ರಿ.ಶ. 950ರ ಸುಮಾರಿಗೆ ಇಟಲಿಯಿಂದ ರಾಯಭಾರಿಯಾಗಿ ಹೋಗಿದ್ದ ಲಿಯುಟ್‌ಪ್ರಾಂಡ್ ಎಂಬ ಪಾದ್ರಿ ಅದನ್ನು ಬರೆದಿಟ್ಟಿದ್ದಾನೆ. ಈಸ್ಟರ್ ಹಬ್ಬಕ್ಕೆ ಮುಂಚಿನ ದಿನಗಳು. ಹತ್ತು ಮೊಳ ಉದ್ದ, ನಾಲ್ಕು ಮೊಳ ಅಗಲದ ಮೇಜು. ಅದರ ಮೇಲೆ ಚಿನ್ನದ ನಾಣ್ಯದ ಚೀಲಗಳು, ಒಂದೊಂದರ ಮೇಲೂ ಮೊತ್ತ ಬರೆದಿದೆ. ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನ್ ಎದುರಿಗೇ ಇದ್ದಾನೆ. ದರ್ಜೆಯ ಪ್ರಕಾರ ಹೆಸರು ಕೂಗುತ್ತಾರೆ. ಮೊದಲು ಬಂದ ಅರಮನೆಯ ಅಧಿಕಾರಿಗೆ ಚೀಲವನ್ನು ಕೈಗಲ್ಲ, ಹೆಗಲ ಮೇಲೆ ಹೇರಿದರು. ಆಮೇಲೆ ಬಂದ ಸೇನಾಪತಿ ಮತ್ತು ನೌಕಾಪಡೆಯ ಮುಖ್ಯಸ್ಥರಿಗೆ ಸಿಕ್ಕಿದ್ದು ಎಷ್ಟೆಂದರೆ ಹೊರಲಾರದೆ ಆಳುಗಳ ಕೈಲಿ ಎಳೆಸಿಕೊಂಡು ಹೋದರು. ಹೀಗೆ ಮೂರು ದಿನ ಬಟವಾಡೆ. ನೋಡಿ ಹೇಗನ್ನಿಸಿತು ಎಂದು ಚಕ್ರವರ್ತಿ ಕೇಳಿಸಿದಾಗ ಲಿಯುಟ್‌ಪ್ರಾಂಡ್, ನನಗೂ ಒಂದಿಷ್ಟು ಸಿಕ್ಕಿದ್ದರೆ ಚೆನ್ನಾಗಿಯೇ ಅನ್ನಿಸುತ್ತಿತ್ತು ಎನ್ನುವ ಅರ್ಥದಲ್ಲಿ ಉತ್ತರ ಕೊಟ್ಟ. ಚಕ್ರವರ್ತಿ ನಕ್ಕು ಒಂದು ನಿಲುವಂಗಿ, ಒಂದು ಪೌಂಡು ಚಿನ್ನ ಕೊಡಿಸಿದ.

ಚಕ್ರವರ್ತಿ ಖುದ್ದಾಗಿ ಮೂರು ದಿನ ಅಲ್ಲಿದ್ದದ್ದು ಸುಮ್ಮನೆ ಅಲ್ಲ. ಈ ಕಾನ್‌ಸ್ಟಂಟೈನ್ ಹುಡುಗನಾಗಿದ್ದಾಗ, 919ರಲ್ಲಿ, ನೌಕಾಪಡೆಯ ಮುಖ್ಯಸ್ಥ ರೊಮಾನೋಸ್ ಲೆಕಪೆನೋಸ್ ಅರಮನೆಗೆ ನುಗ್ಗಿದ. ಮಗಳನ್ನು ಹುಡುಗ ದೊರೆಗೆ ಕೊಟ್ಟು ಮಾವನಾದ, ಮರುವರ್ಷ ತಾನೂ ಕಿರೀಟ ಹಾಕಿಸಿಕೊಂಡ. ಮುಂದಿನ ಇಪ್ಪತ್ತನಾಲ್ಕು ವರ್ಷ ಅಳಿಯ ಹೆಸರಿಗೆ ಚಕ್ರವರ್ತಿ; ಪುಸ್ತಕ ಓದಿಕೊಂಡು, ಬರೆದುಕೊಂಡು ಇದ್ದ. ಕೊನೆಗೆ 944ರ ಡಿಸೆಂಬರಿನಲ್ಲಿ ರೊಮಾನೋಸನನ್ನು ಅವನ ಸ್ವಂತ ಮಕ್ಕಳೇ ದ್ವೀಪದ ಮಠಕ್ಕೆ ಅಟ್ಟಿದರು, ತಿಂಗಳೊಪ್ಪತ್ತಿನಲ್ಲಿ ಆ ಮಕ್ಕಳೂ ಅಲ್ಲಿಗೇ ಹೋದರು. ಅಷ್ಟು ಕಾಲ ಬೇರೆಯವರ ಕೈಯಿಂದ ಹಂಚಿಕೆಯಾಗುವುದನ್ನು ನೋಡಿದವನು, ಅಧಿಕಾರ ಸಿಕ್ಕ ಮೇಲೆ ಆ ಮೇಜನ್ನು ಬಿಟ್ಟು ಏಳುತ್ತಾನೆಯೆ?

ದಳವಾಯಿ, ಅಂದರೆ ಸೇನಾಪತಿ, ಮಗಳನ್ನು ಕೊಟ್ಟು ದೊರೆಗೆ ಮಾವನಾಗುವುದು ಮೈಸೂರಿನವರಿಗೆ ಪರಿಚಿತ ಕಥೆ. ನಂಜನಗೂಡಿನ ಹತ್ತಿರದ ಕಳಲೆ ಮನೆತನದವರಿಗೆ ದಳವಾಯಿ ಪದವಿ ಎಂಬ ಒಡಂಬಡಿಕೆ ಹಳೆಯದು. ಅರಮನೆಗೂ ದಳವಾಯಿ ಮನೆಗೂ ತಿಕ್ಕಾಟವೂ ಅಷ್ಟೇ ಹಳೆಯದು. 1638ರಲ್ಲಿ ಇಮ್ಮಡಿ ರಾಜ ಒಡೆಯರು ಪಟ್ಟಕ್ಕೆ ಬಂದ ಸ್ವಲ್ಪ ಕಾಲಕ್ಕೇ ವಿಷದಿಂದ ತೀರಿಕೊಂಡರು, ಆರೋಪ ದಳವಾಯಿ ವಿಕ್ರಮರಾಯನ ಮೇಲೆ. ತೆರಕಣಾಂಬಿಯಿಂದ ಬಂದು ಪಟ್ಟವೇರಿದ ಕಂಠೀರವ ನರಸರಾಜ ಒಡೆಯರು ಸುದ್ದಿ ತಿಳಿದೂ ಸುಮ್ಮನಿದ್ದು, ಒಂದು ರಾತ್ರಿ ವಿಕ್ರಮರಾಯ ಹಿತ್ತಲಿಗೆ ಎದ್ದು ಹೋದ ಹೊತ್ತಿಗೆ ಗೋಡೆ ಹಾರಿ ಕಾದಿದ್ದ ಇಬ್ಬರಿಂದ ಅವನನ್ನು ಮುಗಿಸಿದರು. ಹೀಗೆ ಲೆಕ್ಕ ಚುಕ್ತಾ ಮಾಡಲು ಧೈರ್ಯವುಳ್ಳ ಒಡೆಯರು ಇರುವವರೆಗೆ ದಳವಾಯಿ ದಳವಾಯಿಯಾಗಿಯೇ ಇದ್ದ. 1704ರಲ್ಲಿ ಚಿಕ್ಕದೇವರಾಜ ಒಡೆಯರು ತೀರಿಕೊಂಡು, ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ಅವರ ಮಗ ಪಟ್ಟಕ್ಕೆ ಬಂದರು. ಜನ ಅವರನ್ನು ಮೂಕರಸು ಎಂದರು. ಬೈಜಾಂಟಿಯಂನಲ್ಲಿ ಚಕ್ರವರ್ತಿಗೆ ಅಂಗ ಊನ ಇರಬಾರದು ಎಂಬ ನಂಬಿಕೆ. ಎದುರಾಳಿಯ ಮೂಗು ಕೊಯ್ಯುತ್ತಿದ್ದದ್ದೇ ಅದಕ್ಕೆ. (695ರಲ್ಲಿ ಮೂಗು ಕೊಯ್ಯಿಸಿಕೊಂಡ ಇಮ್ಮಡಿ ಜಸ್ಟಿನಿಯನ್ ಹತ್ತು ವರ್ಷ ಬಿಟ್ಟು ಅದೇ ಮೂಗಿನಲ್ಲಿ ಬಂದು ಸಿಂಹಾಸನ ಹತ್ತಿದ, ಅದು ಬೇರೆ.) ಶ್ರೀರಂಗಪಟ್ಟಣದಲ್ಲಿ ಊನ ಅಡ್ಡಿಯಾಗಲಿಲ್ಲ. ಮಾತಾಡುವ ಕೆಲಸ ಆಗಲೇ ಬೇರೆಯವರದಾಗಿತ್ತು.

ಮುಂದಿನದು ಬೇಗ ನಡೆಯಿತು. 1732ರಲ್ಲಿ ದಳವಾಯಿಗಳೇ ಕೂರಿಸಿದ ಚಾಮರಾಜ ಒಡೆಯರು ಎರಡು ವರ್ಷದಲ್ಲಿ ತಮ್ಮದೇ ಬುದ್ಧಿ ಓಡಿಸಲು ಹೋದರು. ಅವರನ್ನು ಇಳಿಸಿ ಕಬ್ಬಾಳದುರ್ಗದ ಸೆರೆಗೆ ಕಳಿಸಿದರು, ಅಲ್ಲೇ ತೀರಿಕೊಂಡರು. 1734ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಎಂಬ ಹುಡುಗನಿಗೆ ಪಟ್ಟ. ಸೇನೆ ದಳವಾಯಿ ದೇವರಾಜಯ್ಯನ ಕೈಲಿ. ಕೆಲವು ವರ್ಷಗಳಲ್ಲಿ ಕಂದಾಯ, ಖಜಾನೆ ಅವನ ತಮ್ಮ ಕರಾಚೂರಿ ನಂಜರಾಜಯ್ಯನ ಕೈಗೆ ಬಂತು. ನಂಜರಾಜಯ್ಯನ ಮಗಳೇ ದೊರೆಯ ರಾಣಿ. ರೊಮಾನೋಸನ ಆಟ ಎಂಟುನೂರು ವರ್ಷ ಬಿಟ್ಟು ಕಾವೇರಿಯ ದಡದಲ್ಲಿ.

ಈ ನಂಜರಾಜಯ್ಯ ಸಾಮಾನ್ಯ ಮನುಷ್ಯನಲ್ಲ. ಸಂಸ್ಕೃತದಲ್ಲಿ ‘ಸಂಗೀತ ಗಂಗಾಧರ’ ಬರೆದವನು, ಕನ್ನಡದಲ್ಲಿ ಶಿವಭಕ್ತಿಯ ಗ್ರಂಥಗಳನ್ನು ಬರೆದವನು. ಅವನ ಆಶ್ರಯದಲ್ಲಿದ್ದ ನೃಸಿಂಹ ಕವಿ ಅಲಂಕಾರಶಾಸ್ತ್ರದ ಒಂದು ಪುಸ್ತಕವನ್ನೇ ಕಟ್ಟಿದ, ಉದಾಹರಣೆಗಳೆಲ್ಲ ನಂಜರಾಜನ ಹೊಗಳಿಕೆ. ಆದರೆ ನಂಜರಾಜಯ್ಯನಿಗೆ ಒಂದು ಕೆಟ್ಟ ವ್ಯವಹಾರ ತಗಲಿಕೊಂಡಿತು: ತಿರುಚಿನಾಪಳ್ಳಿ. ಆರ್ಕಾಟಿನ ಮಹಮ್ಮದ್ ಅಲಿ, ನನಗೆ ಸಹಾಯಕ್ಕೆ ಬಾ, ಊರು ನಿನಗೇ ಬಿಟ್ಟುಕೊಡುತ್ತೇನೆ ಎಂದ. 1751ರಲ್ಲಿ ಹೊರಟ ಮೈಸೂರು ಸೇನೆ 1755ರವರೆಗೆ ಅಲ್ಲೇ ಬಿಡಾರ ಹೂಡಿತು. ಮಹಮ್ಮದ್ ಅಲಿ ಮಾತು ತಪ್ಪಿದ, ಊರು ಬರಲಿಲ್ಲ, ಖಜಾನೆ ಬರಿದಾಯಿತು. ಅದೇ 1755ರಲ್ಲಿ ನಿಜಾಮ ಸಲಾಬತ್ ಜಂಗ್ ಫ್ರೆಂಚರ ಬುಸ್ಸಿಯನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಬಂದು ಕೂತ. ಅವನನ್ನು ವಾಪಸು ಕಳಿಸಲು ಒಪ್ಪಿದ ಮೊತ್ತ 56 ಲಕ್ಷ ರೂಪಾಯಿ. ದೇವಸ್ಥಾನಗಳ ಬೆಳ್ಳಿಬಂಗಾರ, ಅರಮನೆಯ ಒಡವೆ ಎಲ್ಲ ಸೇರಿಸಿದರೂ ಮೂರರಲ್ಲೊಂದು ಪಾಲು. ಮಿಕ್ಕದ್ದಕ್ಕೆ ಊರಿನ ಸಾಹುಕಾರರು ಒತ್ತೆಯಾಗಿ ಹೋದರು. ಎರಡು ವರ್ಷ ಕಳೆಯುವುದರೊಳಗೆ ಪೇಶ್ವೆ ಬಂದ. ಅವನಿಗೆ 32 ಲಕ್ಷ, ದುಡ್ಡಿಲ್ಲದ್ದಕ್ಕೆ ತಾಲ್ಲೂಕುಗಳೇ ಅಡಮಾನ.

ನಡುವೆ 1756ರಲ್ಲಿ, ಇಪ್ಪತ್ತರ ಹರೆಯ ದಾಟಿದ ದೊರೆ ಮಾವನ ಹಿಡಿತದಿಂದ ಬಿಡಿಸಿಕೊಳ್ಳಲು ಗುಟ್ಟಾಗಿ ಜನ ಕಟ್ಟಿದರು. ನಂಜರಾಜಯ್ಯ ಅರಮನೆಯ ಬಾಗಿಲಿಗೇ ಫಿರಂಗಿ ಇಟ್ಟ. ಒಳನುಗ್ಗಿ ದೊರೆಯ ಕಡೆಯವರ ಕಿವಿ ಮೂಗುಗಳನ್ನು ದೊರೆಯ ಕಣ್ಣೆದುರೇ ಕೊಯ್ಯಿಸಿದ. ಅಣ್ಣ ದೇವರಾಜಯ್ಯನಿಗೇ ಇದು ಹೇಸಿಗೆಯಾಗಿ, ತನ್ನ ಪರಿವಾರ ಕಟ್ಟಿಕೊಂಡು ಸತ್ಯಮಂಗಲಕ್ಕೆ ಹೊರಟುಹೋದ. ಸೇನೆಯ ಸಂಬಳ ನೋಡುವವರು ಯಾರೂ ಉಳಿಯಲಿಲ್ಲ. ಧರಣಿ ಹುಟ್ಟಿದ್ದು ಇಲ್ಲಿಂದ.

ಹೈದರನ ಕೈಲಿ ದುಡ್ಡು ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಕೊಡುವವನು ಮಾರ್ಕ್ ವಿಲ್ಕ್ಸ್. 1803ರಿಂದ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದು, ಹಳಬರನ್ನು ಕೇಳಿ, ದಫ್ತರ ನೋಡಿ ಮೈಸೂರಿನ ಚರಿತ್ರೆ ಬರೆದವನು. ಕಂಪನಿಯ ಸಂಬಳ ತಿಂದವನು, ಹೈದರ್-ಟಿಪ್ಪುಗಳ ವಿಷಯದಲ್ಲಿ ಅವನ ತಕ್ಕಡಿ ಎತ್ತ ವಾಲುತ್ತದೆ ಎಂಬುದನ್ನು ನೆನಪಿಟ್ಟೇ ಓದಬೇಕು. ಬೈಜಾಂಟಿಯಂನ ಪ್ರೊಕೋಪಿಯಸ್ ಒಂದನೆಯ ಜಸ್ಟಿನಿಯನ್ ಕಟ್ಟಿಸಿದ ಕಟ್ಟಡಗಳನ್ನು ಹೊಗಳಿ ಒಂದು ಪುಸ್ತಕ, ಅದೇ ದೊರೆಯನ್ನು ಮನಸಾರೆ ಬೈದು ಇನ್ನೊಂದು ಪುಸ್ತಕ ಬರೆದ. ವಿಲ್ಕ್ಸ್ ಒಂದರಲ್ಲೇ ಎರಡೂ ಕೆಲಸ ಮುಗಿಸಿದ್ದಾನೆ. ಆದರೂ ಅವನು ಹೇಳುವ ದಿಂಡಿಗಲ್ಲಿನ ಕಥೆ, ಸರ್ಕಾರಿ ಬಿಲ್ಲು ಪಾಸಾಗುವುದನ್ನು ನೋಡಿದ ಯಾರಿಗೂ ಸುಳ್ಳೆನ್ನಿಸದು.

ಕಾಳಗದಲ್ಲಿ ಗಾಯಗೊಂಡ ಸಿಪಾಯಿಗೆ ವಾಸಿಯಾಗುವವರೆಗೆ ತಿಂಗಳಿಗೆ 14 ರೂಪಾಯಿ ಭತ್ಯೆ. ಗಾಯಾಳುಗಳ ಲೆಕ್ಕ ನೋಡಲು ರಾಜಧಾನಿಯಿಂದ ಅಧಿಕಾರಿ ಬಂದ. ನಿಜವಾಗಿ ಗಾಯಗೊಂಡವರು 67 ಮಂದಿ. ಹೈದರ್ ಸುಮಾರು 700 ಜನರ ಕೈಕಾಲಿಗೆ ಅರಿಸಿನದ ಬಟ್ಟೆ ಸುತ್ತಿಸಿ ಸಾಲಾಗಿ ಮಲಗಿಸಿದ. ಅಧಿಕಾರಿ ಎಣಿಸಿಕೊಂಡು ಹೋದ. ನಿಜವಾದ ಗಾಯಾಳುಗಳಿಗೆ ಹೈದರ್ ಕೊಟ್ಟದ್ದು ತಲೆಗೆ ಏಳೇ ರೂಪಾಯಿ. ಹತ್ತು ಸಾವಿರದ ಸೇನೆ ಹಾಜರಿ ಹಾಕುವ ದಿನ ಹದಿನೆಂಟು ಸಾವಿರವಾಗುತ್ತಿತ್ತಂತೆ. ಇತ್ತ ರಾಜಧಾನಿಯಲ್ಲಿ ಈ ಲೆಕ್ಕಗಳಿಗೆಲ್ಲ ಒಪ್ಪಿಗೆ ದೊರಕಿಸುತ್ತಿದ್ದವನು ಖಂಡೇರಾವ್. ಅರಿಸಿನ ಅಗ್ಗ, ರಾಜ್ಯ ದುಬಾರಿ ಎಂದು ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ.

ಕೋಶವಿಲ್ಲದೆ ದಂಡಿಲ್ಲ ಎಂಬ ತಿಳಿವಳಿಕೆ ಕೌಟಿಲ್ಯನದು. ಆ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಸಿಕ್ಕಿದ್ದೂ ಮೈಸೂರಿನಲ್ಲೇ, ಓರಿಯಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಗೆ. ಹೈದರನಿಗೆ ಆ ಪುಸ್ತಕ ಬೇಕಾಗಿರಲಿಲ್ಲ.

1759ರಲ್ಲಿ ಬಂದ ಎರಡನೆಯ ಧರಣಿ ಪೂರ್ತಿ ನಾಟಕ. ಚಾಮರಾಜರಿಗೂ ಮುಂಚಿನ ದೊರೆ ದೊಡ್ಡ ಕೃಷ್ಣರಾಜ ಒಡೆಯರ ವಿಧವೆ ರಾಣಿ ದೇವಾಜಮ್ಮಣ್ಣಿಯವರಿಗೆ ನಂಜರಾಜಯ್ಯನನ್ನು ಕಿತ್ತುಹಾಕಬೇಕಿತ್ತು. ಖಂಡೇರಾವ್ ಮಧ್ಯಸ್ಥ, ಹೈದರ್ ಕೈ. ಮೊದಲು ಸಿಪಾಯಿಗಳು ಹೈದರನ ಬಾಗಿಲಲ್ಲೇ ಸಂಬಳಕ್ಕೆ ಧರಣಿ ಕೂತರು, ಅವನೇ ಕೂರಿಸಿದ್ದು. ಖಜಾನೆ ನನ್ನದಲ್ಲ, ಸರ್ವಾಧಿಕಾರಿಯನ್ನು ಕೇಳಿ ಎಂದ. ಧರಣಿ ನಂಜರಾಜಯ್ಯನ ಬಾಗಿಲಿಗೆ ಹೋಯಿತು, ಹೈದರನೂ ಬಲವಂತಕ್ಕೆ ಸಿಕ್ಕವನ ಹಾಗೆ ಜೊತೆಗೆ ಹೋದ. ನಂಜರಾಜಯ್ಯನಿಗೆ ಆಟ ಅರ್ಥವಾಯಿತು, ಪದವಿ ಬಿಡುತ್ತೇನೆ ಎಂದ. ಆಮೇಲೆ ಧರಣಿ ಅರಮನೆ ಬಾಗಿಲಿಗೆ. ಒಳಗಿಂದ ಖಂಡೇರಾವ್ ಹೊರಬಂದು, ಹೈದರ್ ನಂಜರಾಜಯ್ಯನ ಸಖ್ಯ ಬಿಡುವುದಾಗಿ ಆಣೆ ಮಾಡಿದರೆ ದೊರೆಯೇ ಸಂಬಳದ ಏರ್ಪಾಡು ಮಾಡುತ್ತಾರೆ ಎಂದ. ಹೈದರ್ ಮನಸ್ಸಿಲ್ಲದ ಮನಸ್ಸಿನಿಂದ ಆಣೆ ಮಾಡಿದ. ಏರ್ಪಾಡು ಏನೆಂದರೆ, ಇನ್ನಷ್ಟು ಸೀಮೆಗಳ ಕಂದಾಯ ಹೈದರನಿಗೇ ಬರೆದದ್ದು. ಹೊತ್ತು ಮುಳುಗುವಾಗ ರಾಜ್ಯದ ಅರ್ಧಕ್ಕಿಂತ ಹೆಚ್ಚು ಅವನ ಕೈಲಿತ್ತು. ನಂಜರಾಜಯ್ಯ ಮೈಸೂರಿಗೆ ಬಂದು, ಅಲ್ಲಿಂದಲೂ ಮುತ್ತಿಗೆ ಹಾಕಿಸಿಕೊಂಡು ಹೊರಟು, ಕೊನೆಗೆ ಕೊಣನೂರು ಸೇರಿದ.

ದೊರೆಗೂ ರಾಣಿಗೂ ಸ್ವಾತಂತ್ರ್ಯ ಬರಲಿಲ್ಲ, ಯಜಮಾನ ಬದಲಾದ, ಅಷ್ಟೆ. ಲೆಕ್ಕದ ಖಂಡೇರಾವ್‌ಗೂ ಒಂದು ಅನುಮಾನ ಹತ್ತಿತು: ಬರೆಯುವ ಕೈ ತನ್ನದು, ಹಂಚುವ ಕೈ ಮಾತ್ರ ಅವನದ್ಯಾಕೆ? 1760ರ ಆಗಸ್ಟ್ 12ರ ಬೆಳಿಗ್ಗೆ ಶ್ರೀರಂಗಪಟ್ಟಣದ ಕೋಟೆ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯಲಿಲ್ಲ. ಹೈದರನ ಸೇನೆಯ ಬಹುಪಾಲು ಫ್ರೆಂಚರ ಸಹಾಯಕ್ಕೆ ಪಾಂಡಿಚೇರಿಯ ಕಡೆ ಹೋಗಿತ್ತು, ಅವನು ಕೆಲವೇ ಜನರೊಡನೆ ಕೋಟೆಯ ಹೊರಗೆ ನದಿಯ ಬದಿಯಲ್ಲಿದ್ದ. ಕೋಟೆಯಿಂದ ಗುಂಡು ಬೀಳತೊಡಗಿತು. ಖಂಡೇರಾವ್‌ನನ್ನು ಕರೆಯಿರಿ ಎಂದನಂತೆ ಹೈದರ್. ಫಿರಂಗಿಗೆ ಬೆಂಕಿ ಇಡಿಸುತ್ತಿರುವವನೇ ಅವನು ಎಂದು ಉತ್ತರ ಬಂತು. ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು, ಹುಡುಗ ಟಿಪ್ಪುವನ್ನೂ ಬಿಟ್ಟು, ರಾತ್ರಿ ತುಂಬಿದ ಕಾವೇರಿ ದಾಟಿದ. ಆನೇಕಲ್ ಮುಟ್ಟಿ ಅಲ್ಲಿಂದ ಬೆಂಗಳೂರು.

ಮರುವರ್ಷ ನಂಜನಗೂಡಿನ ಬಳಿ ಸೋತು ಬೇರೆ ದಾರಿ ಕಾಣದೆ ಅವನು ಹೋದದ್ದು ಕೊಣನೂರಿಗೆ, ತಾನೇ ಅಟ್ಟಿದ್ದ ನಂಜರಾಜಯ್ಯನ ಕಾಲಿಗೆ ಬೀಳಲು. ನಂಜರಾಜಯ್ಯ ನಂಬಿದ, ಸೇನೆ ಕೊಟ್ಟ, ಹೆಸರೂ ಕೊಟ್ಟ. ಹೆಸರೇ ಹೆಚ್ಚು ಉಪಯೋಗಕ್ಕೆ ಬಂತು. ಹುಣಸೂರಿನ ಕಡೆಯ ಕಟ್ಟೆಮಳಲವಾಡಿಯಲ್ಲಿ ಖಂಡೇರಾವ್‌ನ ದೊಡ್ಡ ಸೇನೆಗೆ ಸಿಕ್ಕಿಬೀಳುವ ಹಾಗಾದಾಗ ಹೈದರ್ ನಂಜರಾಜಯ್ಯನ ಮೊಹರಿನಲ್ಲಿ ಕೆಲವು ಕಾಗದ ತಯಾರಿಸಿದ. ಖಂಡೇರಾವ್‌ನ ಸರದಾರರಿಗೆ ಬರೆದದ್ದು: ಅವನನ್ನು ಹಿಡಿದುಕೊಡಲು ನೀವು ಒಪ್ಪಿದ್ದೀರಿ, ಗೊತ್ತಾದ ಇನಾಮು ಬರುತ್ತದೆ ಎಂಬ ಧಾಟಿ. ಕಾಗದ ಒಯ್ದವನು ಬೇಕೆಂದೇ ಹೊರಠಾಣ್ಯದಲ್ಲಿ ಸಿಕ್ಕಿಬಿದ್ದ. ಓದಿದ ಖಂಡೇರಾವ್ ಯಾರನ್ನೂ ಕೇಳದೆ ಕುದುರೆ ಹತ್ತಿ ಶ್ರೀರಂಗಪಟ್ಟಣಕ್ಕೆ ಓಡಿದ. ದಂಡನಾಯಕನಿಲ್ಲದ ಸೇನೆ ಚದುರಿತು. ಜೀವನವೆಲ್ಲ ಕಾಗದಪತ್ರದಲ್ಲೇ ಕಳೆದ ಮನುಷ್ಯ ಒಂದು ಕಾಗದಕ್ಕೆ ಸೋತ.

ಕಾಗದದ ವಿಷಯಕ್ಕೆ ಬಂದರೆ, ಚಿಕ್ಕದೇವರಾಜ ಒಡೆಯರ ಹದಿನೆಂಟು ಕಚೇರಿಗಳ ಏರ್ಪಾಡಿನಲ್ಲಿ ಅಂಚೆಗೆ ದೊಡ್ಡ ಸ್ಥಾನ. ಅದು ಓಲೆ ಮುಟ್ಟಿಸುವ ಇಲಾಖೆ ಮಾತ್ರವಲ್ಲ. ಊರೂರಿನ ಅಂಚೆಯವನು ಅರಮನೆಯ ಕಿವಿ. ಬೈಜಾಂಟಿಯಂನಲ್ಲೂ ಟಪ್ಪಾಲಿನ ದಾರಿಗಳನ್ನು ನೋಡಿಕೊಳ್ಳುವ ಲೋಗೊಥೆಟ್ ಎಂಬ ಅಧಿಕಾರಿಯೇ ಪರದೇಶದ ರಾಯಭಾರಿಗಳನ್ನು ನೋಡಿಕೊಳ್ಳುವವನು, ಸುದ್ದಿ ಕಲೆಹಾಕುವವನು. ಹೈದರನ ಕಾಲದಲ್ಲಿ ಮೈಸೂರಿನ ಆ ಕಿವಿಯ ಹೆಸರು ಅಂಚೆ ಶಾಮಯ್ಯ. ಅವನ ಹೆಸರಿಗೆ ಊರು ನಡುಗುತ್ತಿತ್ತು. 1783ರಲ್ಲಿ, ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ರಾಣಿ ಲಕ್ಷ್ಮಮ್ಮಣ್ಣಿಯವರ ಕಡೆಯವರು ಇಂಗ್ಲಿಷರೊಡನೆ ತಂಜಾವೂರಿನಲ್ಲಿ ಕರಾರು ಮಾಡಿಕೊಂಡ ಮರುವರ್ಷ, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ವಿರುದ್ಧ ಒಂದು ಸಂಚು ಬಯಲಾಯಿತು. ಸಂಚಿನ ಮುಖ್ಯರಲ್ಲಿ ಒಬ್ಬನೆಂದು ಹಿಡಿದದ್ದು ಅಂಚೆ ಶಾಮಯ್ಯನನ್ನೇ. ಸುದ್ದಿ ಹಿಡಿಯಬೇಕಾದವನೇ ಸುದ್ದಿಯಾದ.

ಇನ್ನು ಖಂಡೇರಾವ್. 1761ರಲ್ಲಿ ಹೈದರ್ ರಾಜಧಾನಿಗೆ ಮರಳಿದಾಗ ಅರಮನೆಯ ಹೆಂಗಸರು ಅವನ ಜೀವ ಉಳಿಸೆಂದು ಕೇಳಿಕೊಂಡರು. ಗಿಣಿಯ ಹಾಗೆ ಸಾಕುತ್ತೇನೆ ಎಂದು ಹೈದರ್ ಮಾತು ಕೊಟ್ಟ. ಮಾತು ತಪ್ಪಲಿಲ್ಲ: ಬೆಂಗಳೂರಿನಲ್ಲಿ ಕಬ್ಬಿಣದ ಪಂಜರ ಮಾಡಿಸಿ, ಹಾಲು ಅನ್ನ ಹಾಕಿ, ಸಾಯುವವರೆಗೆ ಅದರೊಳಗೇ ಇಟ್ಟ. ದೊರೆಯ ಖರ್ಚಿಗೆ ಮೂರು ಲಕ್ಷ ವರಹದ ಸೀಮೆ, ನಂಜರಾಜಯ್ಯನಿಗೆ ಒಂದು ಲಕ್ಷದ್ದು ಎಂದು ಗೊತ್ತಾಯಿತು. ಮಿಕ್ಕದ್ದೆಲ್ಲ ಹೈದರನ ಆಡಳಿತಕ್ಕೆ. ದೊರೆ ಈಗ ಸಂಬಳ ಕೊಡುವವರಲ್ಲ, ಸಂಬಳ ತೆಗೆದುಕೊಳ್ಳುವವರು. ನಂಜರಾಜಯ್ಯನನ್ನು ಕೆಲವು ವರ್ಷಗಳ ನಂತರ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಆಣೆ ಇಟ್ಟು ಕರೆಸಿದರು. ಆಣೆ ಇಟ್ಟ ಗ್ರಂಥ ಖುರಾನಿನ ಹಾಗೆ ಚೆಂದವಾಗಿ ಹೊದಿಸಿದ ಖಾಲಿ ಹಾಳೆಗಳು ಎನ್ನುತ್ತಾನೆ ವಿಲ್ಕ್ಸ್. ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು. ನಂಜರಾಜಯ್ಯ 1773ರಲ್ಲಿ ಸೆರೆಯಲ್ಲೇ ತೀರಿಕೊಂಡ.

1776ರಲ್ಲಿ ಪಟ್ಟಕ್ಕೆ ಹುಡುಗ ಬೇಕಾದಾಗ ಅರಸು ಮನೆತನಗಳ ಮಕ್ಕಳನ್ನೆಲ್ಲ ಒಂದು ತೊಟ್ಟಿಯಲ್ಲಿ ಬಿಟ್ಟು ಹಣ್ಣು, ಮಿಠಾಯಿ, ಹೂವು, ಪುಸ್ತಕ, ದುಡ್ಡಿನ ಚೀಲ, ಒಡವೆ ಹರಡಿದರಂತೆ. ಒಂದು ಮಗು ಹೊಳೆಯುವ ಪುಟ್ಟ ಬಾಕು ಎತ್ತಿಕೊಂಡು ಇನ್ನೊಂದು ಕೈಲಿ ನಿಂಬೆಹಣ್ಣು ಹಿಡಿಯಿತು. ಇವನೇ ರಾಜ ಎಂದ ಹೈದರ್. ದುಡ್ಡಿನ ಚೀಲಕ್ಕೆ ಕೈ ಹಾಕಿದ ಮಗುವನ್ನು ಅವನು ಏನು ಮಾಡುತ್ತಿದ್ದನೋ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ತೀರಿಕೊಂಡಾಗ ಟಿಪ್ಪು ಮಲಬಾರಿನಲ್ಲಿದ್ದ. ಯಜಮಾನ ಸತ್ತ ಸುದ್ದಿ ಸೇನೆಗೆ ತಿಳಿದರೆ ಮತ್ತೆ ಬಾಗಿಲು, ಮತ್ತೆ ಧರಣಿ, ಮತ್ತೊಬ್ಬ ಹೈದರ್. ಲೆಕ್ಕದ ಕೆಲಸದಿಂದಲೇ ಮೇಲೆ ಬಂದಿದ್ದ ಪೂರ್ಣಯ್ಯ ಮತ್ತು ಕೃಷ್ಣರಾವ್ ಇಬ್ಬರೂ ಮುಚ್ಚಿಟ್ಟರು. ಡೇರೆಯ ಮುಂದೆ ದಿನದ ವಹಿವಾಟು ಎಂದಿನಂತೆ ನಡೆಯಿತು. ಹೈದರನ ಹೆಣವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುತ್ತಿದ್ದೇವೆ ಎಂದು ಪಹರೆಯವರನ್ನು ಕೊಟ್ಟು ಕೋಲಾರಕ್ಕೆ ಕಳಿಸಿದರು. ದಾರಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ.